ಷರಾ ಕಾಲಮ್ಮಿನಲ್ಲಿ ಬರೆದದ್ದು

ಗಡಿಯಾರ ರಿಪೇರಿ ಮಾಡುವವನಿಗೆ ಬೀದಿಯವರು ಇಟ್ಟಿದ್ದ ಹೆಸರು ಪಾಯಿಂಟ್ ಮಾಮ. ಯಾರಾದರೂ ಬೆವರು ಒರೆಸಿಕೊಳ್ಳುತ್ತ "ಏನ್ ಸೆಕೇನಪ್ಪಾ!" ಅಂದರೆ ಸಾಕು, "ಮೂವತ್ತಾರು ಪಾಯಿಂಟ್ ನಾಲ್ಕು" ಎಂದು ಅಂಗಡಿಯೊಳಗಿನಿಂದಲೇ ಕೂಗುತ್ತಿದ್ದ. ಆ ನಾಲ್ಕನ್ನು ಬಿಟ್ಟು ಬರೀ ಮೂವತ್ತಾರು ಅಂದವರ ಜೊತೆ ಜಗಳಕ್ಕೇ ನಿಲ್ಲುವ ಆಸಾಮಿ.

ಅವನ ಹಿತ್ತಿಲಲ್ಲಿ ಹವಾಮಾನ ಇಲಾಖೆಯವರು ಕೊಟ್ಟ ಬಿಳಿ ಮರದ ಪೆಟ್ಟಿಗೆಯೊಂದಿತ್ತು. ನಾಲ್ಕು ಕಾಲು, ಗಾಳಿಯಾಡಲು ಸುತ್ತ ಪಟ್ಟಿಗಳು, ಒಳಗೆ ಥರ್ಮಾಮೀಟರು. ಬೆಳಗ್ಗೆ ಎಂಟೂವರೆಗೊಮ್ಮೆ, ಮಧ್ಯಾಹ್ನ ಎರಡೂವರೆಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆದು ಇಲಾಖೆಗೆ ಫೋನು ಮಾಡಬೇಕು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವನಲ್ಲ. ಮಗಳ ಮದುವೆಯ ದಿನ ಊಟಕ್ಕೆ ಕೂತವನು ಎದ್ದು ಓಡಿಬಂದು ನೋಡಿ ಹೋಗಿದ್ದ. ಬೀಗರು ಇವತ್ತಿಗೂ ಆಡಿಕೊಂಡು ನಗುತ್ತಾರೆ.

ಇಲಾಖೆಯ ನಿಯಮಗಳು ಸಾಲದೆಂದು ತನ್ನದೂ ಒಂದನ್ನು ಸೇರಿಸಿದ್ದ. ಪೆಟ್ಟಿಗೆಯ ಸುತ್ತಲಿನ ತಂತಿಬೇಲಿಯ ಹತ್ತಿರವೇ ಚಪ್ಪಲಿ ಬಿಡಬೇಕು. ತುಳಿದು ತುಳಿದು ಹುಲ್ಲು ಸತ್ತರೆ ನೆಲ ಕಾಯುತ್ತದೆ, ನೆಲ ಕಾದರೆ ಅಂಕಿ ಕೆಡುತ್ತದೆ ಎಂಬುದು ಅವನ ವಾದ.

ಈ ಸಲ ಬೇಸಿಗೆ ಇನ್ನೇನು ಹೊರಟಿತು ಅನ್ನುವಾಗ ಬಿಸಿಲು ಏನನ್ನೋ ಮರೆತುಹೋದವರ ಹಾಗೆ ವಾಪಸು ಬಂದು ಕೂತುಬಿಟ್ಟಿತು. ಊರಿಗೆಲ್ಲ ಉರಿ, ಮಾಮನಿಗೆ ಮಾತ್ರ ಸಂಭ್ರಮ. ದಿನಾ ಹೊಸ ಅಂಕಿ! ಅದರ ಮೇಲೆ, ಊರಿನ ಹುಲ್ಲೆಲ್ಲ ಒಣಗಿ ಹೋಗಿದ್ದರೂ ಅವನ ಪೆಟ್ಟಿಗೆಯ ಬುಡದಲ್ಲಿ ಮಾತ್ರ ಹಸಿರು ಚಿಗುರಿತ್ತು. "ನೋಡ್ದೇನೇ? ಬರಿಗಾಲಲ್ಲಿ ಓಡಾಡಿದ್ದಕ್ಕೆ ಇದು ಫಲ" ಎಂದು ಹೆಂಡತಿಯ ಮುಂದೆ ಬೀಗಿದ. ಆಕೆ ಮುಸಿಮುಸಿ ನಕ್ಕಿದ್ದು ಅವನಿಗೆ ಕಾಣಿಸಲಿಲ್ಲ.

ಬಿಸಿಲು ವಾಪಸು ಬಂದ ಹನ್ನೆರಡನೇ ದಿನ, ಮಂಗಳವಾರ, ಇಲಾಖೆಯಿಂದ ಕಾಗದ ಬಂತು. ಪಕ್ಕದ ಊರಿನ ಶಾಲೆಯ ಪೆಟ್ಟಿಗೆಗಿಂತ ನಿಮ್ಮ ಮಧ್ಯಾಹ್ನದ ಅಂಕಿ ಎರಡು ಡಿಗ್ರಿ ಕಡಿಮೆ ಬರುತ್ತಿದೆ. ಗುರುವಾರ ಅಧಿಕಾರಿ ಬರುತ್ತಾರೆ. ಕಾರಣ ಸಿಗದಿದ್ದರೆ ಕೇಂದ್ರವನ್ನು ಮುಚ್ಚಲಾಗುವುದು.

ಮಾಮ ಕಾಗದವನ್ನು ಎರಡೆರಡು ಸಲ ಓದಿದ. ಹೆಂಡತಿಗೂ ಹೇಳದೆ ಜೇಬಿಗೆ ತುರುಕಿದ. ಥರ್ಮಾಮೀಟರನ್ನು ಭೂತಗನ್ನಡಿ ಹಿಡಿದು ನೋಡಿದ, ಪೆಟ್ಟಿಗೆಯ ಬಣ್ಣ ನೋಡಿದ, ಎಲ್ಲವೂ ಸರಿಯಾಗಿಯೇ ಇತ್ತು. ಅನುಮಾನವೆಲ್ಲ ಪಕ್ಕದ ಮನೆಯ ಬೇಕರಿಯವನ ಮೇಲೆ ಹೋಯಿತು. ಗಿಡಕ್ಕೆ ಪೈಪು ಹಿಡಿಯುವ ನೆಪದಲ್ಲಿ ಗೋಡೆಯಾಚೆಯಿಂದ ನೀರು ಹಾರಿಸುತ್ತಿರಬೇಕು, ಬಡ್ಡಿಮಗ!

ಬುಧವಾರ ಊಟವಾದ ಮೇಲೆ ಎಂದಿನಂತೆ ಮಲಗಿದ ಹಾಗೆ ಮಾಡಿ, ಗೊರಕೆಯನ್ನೂ ಹೊಡೆದು, ಸದ್ದಿಲ್ಲದೆ ಎದ್ದು ಕಿಟಕಿಯ ಪಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ಒಂದು ಗಂಟೆಗೆ ಹಿತ್ತಿಲ ಬಾಗಿಲು ಕಿರುಗುಟ್ಟಿತು. ಬಂದವಳು ಹೆಂಡತಿ. ಎರಡು ಕೈಯಲ್ಲಿ ಎರಡು ಬಕೆಟ್ ನೀರು. ಬೇಲಿಯಿಂದ ಪೆಟ್ಟಿಗೆಯವರೆಗೆ, ಪೆಟ್ಟಿಗೆಯ ಸುತ್ತ, ಒಂದಂಗುಲ ಬಿಡದೆ ಹೊಯ್ದಳು. ಮತ್ತೆ ಒಳಗೆ ಹೋಗಿ ಒಂದು ಚೊಂಬು ತಂದು ಪೆಟ್ಟಿಗೆಯ ತಲೆಯ ಮೇಲೂ ಪಟ್ಟಿಗಳ ಮೇಲೂ ಚಿಮುಕಿಸತೊಡಗಿದಳು.

"ಏನೇ ಮಾಡ್ತಿದ್ದೀಯಾ!"

ಚೊಂಬು ಕೈಯಿಂದ ಜಾರಿ ಬಿತ್ತು. "ಅಯ್ಯೋ! ಗೊರಕೆ ಕೇಳಿಸ್ತಿತ್ತಲ್ರೀ!"

"ಗೊರಕೆ ಹಾಳಾಗ್ಲಿ. ನೀರು ಯಾಕೆ?"

"ಯಾಕೆ ಅಂದ್ರೆ? ನೆಲ ಕಾದ ಹೆಂಚಾಗಿರುತ್ತೆ, ನೀವು ಬರಿಗಾಲಲ್ಲಿ ಹೋಗ್ತೀರ. ಮೊದಲನೇ ದಿನ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು, ಮರೆತುಬಿಟ್ರಾ? ಚಪ್ಪಲಿ ಹಾಕ್ಕೊಳ್ಳಿ ಅಂದಿದ್ದಕ್ಕೆ ನನ್ನ ಮೇಲೇ ಹಾರಾಡಿದ್ರಿ. ಮಾರನೇ ದಿನದಿಂದ ನೀರು ಹಾಕ್ತಿದ್ದೀನಿ. ನೀವು ಏಳೋ ಹೊತ್ತಿಗೆ ಒಣಗಿರುತ್ತೆ, ತಂಪು ಮಾತ್ರ ಉಳಿದಿರುತ್ತೆ."

"ಪೆಟ್ಟಿಗೆ ಮೇಲೆ?"

"ಅದೂ ಪಾಪ ಬಿಸಿಲಲ್ಲೇ ನಿಂತಿರುತ್ತಲ್ಲ."

ಬೈಯಲು ಹೊರಟ ಮಾಮ, ಬೈಯುವ ಬದಲು ಜೇಬಿನಿಂದ ಕಾಗದ ತೆಗೆದು ಕೊಟ್ಟ. ಓದಿ ಆಕೆ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಮೆಲ್ಲಗೆ, "ನಾಳೆ ನೀರು ಹಾಕಲ್ಲ. ಅಂಕಿ ತಾನಾಗೇ ಸರಿಹೋಗುತ್ತೆ. ಇದು ಯಾರಿಗೆ ಗೊತ್ತಾಗುತ್ತೆ?" ಅಂದಳು.

ಸುಳ್ಳು ಯಾಕೆ, ಮಾಮನಿಗೂ ಆ ಮಾತು ರುಚಿಸಿತು. ಪೆಟ್ಟಿಗೆಯಿಲ್ಲದ ಮಧ್ಯಾಹ್ನದ ಎರಡೂವರೆ ಗಂಟೆಯನ್ನು ಅವನಿಂದ ನೆನೆಸಿಕೊಳ್ಳಲೂ ಆಗಲಿಲ್ಲ. ಆದರೆ ಪುಸ್ತಕ ತೆರೆದು ಆ ಸಾಲುಗಳನ್ನು ನೋಡಿದ. "ಇವತ್ತಿನದೂ ಸೇರಿದ್ರೆ ಹನ್ನೆರಡು ಸುಳ್ಳು ಅಂಕಿ ಕಣೇ. ಹಾಗೇ ಕೂತಿರ್ತವಲ್ಲ" ಅಂದ.

ಗುರುವಾರ ಮಧ್ಯಾಹ್ನ ಬಂದ ಅಧಿಕಾರಿ ಒಬ್ಬ ಹೆಂಗಸು. ತಾನು ತಂದ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟು ನೋಡಿದಳು. ಎರಡೂ ಒಂದೇ ತೋರಿಸಿದವು.

"ಎಲ್ಲ ಸರಿಯಾಗಿದೆಯಲ್ಲ! ಹಾಗಾದ್ರೆ ಆ ಎರಡು ಡಿಗ್ರಿ ಎಲ್ಲಿಗೆ ಹೋಯ್ತು?"

ಮಾಮ ಪುಸ್ತಕ ತೆರೆದು ತೋರಿಸಿದ. "ಮೇಡಂ, ಹನ್ನೆರಡು ದಿನ ಇಲ್ಲಿ ನೀರು ಬಿದ್ದಿದೆ. ನನ್ನ ಕಾಲು ಸುಡಬಾರದು ಅಂತ."

"ತಪ್ಪೆಲ್ಲ ನಂದು ಮೇಡಂ. ಪೆಟ್ಟಿಗೆ ತಗೊಂಡು ಹೋಗಬೇಡಿ" ಎಂದು ಹೆಂಡತಿ ಮಧ್ಯೆ ಬಾಯಿ ಹಾಕಿದಳು.

ಅಧಿಕಾರಿ ಒಮ್ಮೆ ಬೇಲಿಯ ಹತ್ತಿರದ ಚಪ್ಪಲಿಗಳನ್ನು, ಒಮ್ಮೆ ಬಿಸಿಗೆ ಕಾಲು ಬದಲಿಸುತ್ತಿದ್ದ ಮಾಮನನ್ನು ನೋಡಿದಳು. "ಚಪ್ಪಲಿ ಬಿಡಬೇಕು ಅಂತ ಯಾವ ನಿಯಮದಲ್ಲಿದೆ?"

"ಅದು... ನಂದೇ ನಿಯಮ. ಹುಲ್ಲಿಗೋಸ್ಕರ."

"ಹುಲ್ಲು ಹಸಿರಾಗಿದ್ದು ನನ್ನ ಬಕೆಟ್‌ನಿಂದ ಮೇಡಂ!" ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. "ಪಾಯಿಂಟ್ ಒಂದು ಹೆಚ್ಚುಕಮ್ಮಿ ಆದ್ರೆ ಊರಿಗೇ ಹೇಳ್ತಾರೆ. ಹನ್ನೆರಡು ದಿನ ತನ್ನ ಕಾಲು ಯಾಕೆ ಸುಡಲಿಲ್ಲ ಅಂತ ಒಂದಿನಾನೂ ಕೇಳಲಿಲ್ಲ!"

ಅಧಿಕಾರಿ ಗೊಳ್ಳೆಂದು ನಕ್ಕುಬಿಟ್ಟಳು. ಮಾಮನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಯಾಕೋ ಹೇಳಲಾಗದಷ್ಟು ಖುಷಿಯೂ ಆಯಿತು.

"ಕಾರಣ ಸಿಕ್ತಲ್ಲ, ಮುಚ್ಚೋ ಮಾತಿಲ್ಲ. ಹನ್ನೆರಡೂ ಅಂಕಿ ಹೊಡೆದುಹಾಕಿ, ಷರಾದಲ್ಲಿ ಕಾರಣ ಬರೀರಿ. ಮತ್ತೆ ದಯವಿಟ್ಟು ಚಪ್ಪಲಿ ಹಾಕ್ಕೊಳ್ಳಿ" ಎಂದು ಆಕೆ ಹೊರಟಳು.

ಎರಡೂವರೆಗೆ ಮಾಮ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಚಪ್ಪಲಿ ಮೆಟ್ಟಿಕೊಂಡು ಬೇಲಿ ದಾಟಿದ. ಮೂವತ್ತೆಂಟು ಪಾಯಿಂಟ್ ಮೂರು. ಶಾಲೆಯವರಿಗೆ ಫೋನು ಮಾಡಿ ಕೇಳಿದರೆ ಅಲ್ಲೂ ಅಷ್ಟೇ. ಒಳಗೆ ಬಂದು, ಸ್ಕೇಲು ಇಟ್ಟು ಹನ್ನೆರಡು ಅಂಕಿಗಳ ಮೇಲೆ ಗೆರೆ ಎಳೆದ. ಅಷ್ಟು ವರ್ಷ ಮೋಡ, ಗಾಳಿ, ಗುಡುಗು ಬಿಟ್ಟು ಬೇರೇನನ್ನೂ ಕಾಣದ ಷರಾ ಕಾಲಮ್ಮಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಪುಸ್ತಕವನ್ನು ಹೆಂಡತಿಯ ಕಡೆ ತಳ್ಳಿದ.

ಆಕೆ ಕನ್ನಡಕ ಹುಡುಕಿ ಹಾಕಿಕೊಂಡು ಓದಿದಳು. "ಅಂಕಿ ತಪ್ಪು. ವೀಕ್ಷಕನ ಕಾಲು ಸುಡಬಾರದೆಂದು ಅವನ ಹೆಂಡತಿ ದಿನಾ ನೆಲಕ್ಕೆ ಎರಡು ಬಕೆಟ್ ನೀರು ಹಾಕುತ್ತಿದ್ದಳು. ವೀಕ್ಷಕನಿಗೆ ತಿಳಿಯಲಿಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ಓದಿದಳು. "ಎರಡು ಬಕೆಟ್ ಅಲ್ಲ ರೀ, ಎರಡು ಬಕೆಟ್, ಒಂದು ಚೊಂಬು. ಪಾಯಿಂಟ್ ಬಿಟ್ಟುಬಿಟ್ರಲ್ಲ!"

ಮಾಮ ಪೆನ್ನಿನ ಮುಚ್ಚಳ ತೆಗೆದು ಆ ಚೊಂಬನ್ನೂ ಬರೆದ.