ಗಡಿಯಾರದವರ ಕಿವಿಗೊಂದು ಪರೀಕ್ಷೆ

ಗಡಿಯಾರ ರಿಪೇರಿ ಮಾಡುವ ಯಜಮಾನರಿಗೆ ತಮ್ಮ ಕಿವಿಯ ಮೇಲಿದ್ದ ನಂಬಿಕೆ ಕಟ್ಟಿಕೊಂಡ ಹೆಂಡತಿಯ ಮೇಲೂ ಇರಲಿಲ್ಲ. ಕೈಗಡಿಯಾರವನ್ನು ಕಿವಿಗೆ ಹಿಡಿದರೆ ಸಾಕು, ಬಿಚ್ಚುವ ಮೊದಲೇ ರೋಗ ಹೇಳಿಬಿಡುತ್ತಿದ್ದರು. ಅಂಥ ಕಿವಿಗೆ ಮನೆಯ ಹಳೇ ಲ್ಯಾಪ್‌ಟಾಪಿನ ಹಾಡು ರುಚಿಸುವುದುಂಟೇ? ಹಿತ್ತಲ ಗಿಡ ಮದ್ದಲ್ಲವಲ್ಲ! ದೊಡ್ಡ ಅಂಗಡಿಯಿಂದ ಭಾರೀ ಪ್ಲೇಯರೊಂದನ್ನು ತಂದೇಬಿಟ್ಟರು. ಒಂದು ವಾರ ಕೇಳಿ ನೋಡಿ, ಹಿಡಿಸದಿದ್ದರೆ ವಾಪಸು ಕೊಡಿ ಎಂದಿದ್ದರಂತೆ ಅಂಗಡಿಯವರು.

ಪ್ಲೇಯರ್ ಬಂದದ್ದಕ್ಕೆ ಹೆಂಡತಿಯ ತಕರಾರಿರಲಿಲ್ಲ. ಅದಕ್ಕೆ ಜಾಗ ಬೇಕಲ್ಲ, ಅಲ್ಲಿತ್ತು ಗ್ರಹಚಾರ. ಯಜಮಾನರ ದೊಡ್ಡ ಸ್ಪೀಕರುಗಳಿದ್ದದ್ದು ಕಿಟಕಿ ಪಕ್ಕದ ಮೂಲೆಯಲ್ಲಿ, ಆ ಮೂಲೆ ಅವಳದು. ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಅವಳ ಕೆಲಸ. ಅಂಟಿನ ಡಬ್ಬಿ, ದಾರ, ಸೂಜಿಗಳ ನಡುವೆ ಆ ಲ್ಯಾಪ್‌ಟಾಪು ದಿನವಿಡೀ ಹಾಡುತ್ತಿತ್ತು.

"ನಿನ್ನ ಮೇಜು ಉಗ್ರಾಣಕ್ಕೆ ಹೋಗ್ಲಿ, ಆ ಡಬ್ಬಾ ಗುಜರಿಗೆ ಹೋಗ್ಲಿ," ಎಂದರು ಯಜಮಾನರು.

ಕಿಟಕಿಯೇ ಇಲ್ಲದ ಉಗ್ರಾಣದಲ್ಲಿ ಸೂಜಿಗೆ ದಾರ ಪೋಣಿಸುವುದು ಹೇಗೆ? ಅವಳಿಗೆ ಅಳುವೇ ಬಂತು. ಅಳುವಿನ ಬೆನ್ನಿಗೇ ಒಂದು ಕಿಲಾಡಿ ಬುದ್ಧಿಯೂ ಬಂತು.

"ರೀ, ನೀವು ಬೆನ್ನು ತಿರುಗಿಸಿ ಕೂತ್ಕೊಳ್ಳಿ. ಒಂದೇ ಹಾಡು ಎರಡು ಸಲ ಹಾಕ್ತೀನಿ. ಯಾವುದು ಯಾವುದರದ್ದು ಅಂತ ಸರಿಯಾಗಿ ಹೇಳಿದ್ರೆ ಮೇಜು ನಾನೇ ಎತ್ತಿಡ್ತೀನಿ. ತಪ್ಪಿದ್ರೆ ನಿಮ್ಮ ಪ್ಲೇಯರ್ ವಾಪಸ್."

"ಇದೂ ಒಂದು ಪರೀಕ್ಷೆನಾ?" ಎಂದು ನಕ್ಕು ಕುರ್ಚಿ ತಿರುಗಿಸಿದರು.

ಲ್ಯಾಪ್‌ಟಾಪು ಮಗಳು ಬಳಸಿ ಬಿಟ್ಟದ್ದು. ಕೀಲು ಮುರಿದ ಪರದೆ ಗೋಡೆಗೆ ಒರಗಿತ್ತು, ಬ್ಯಾಟರಿ ಎಂದೋ ಸತ್ತಿತ್ತು. ಆದರೆ ಹೆಂಡತಿ ಅದರೊಳಗೆ ಸುತ್ತುತ್ತಿದ್ದ ಡಿಸ್ಕ್ ತೆಗೆಸಿ, ಸದ್ದೇ ಮಾಡದ ಹೊಸದನ್ನು ಹಾಕಿಸಿದ್ದಳು. ಅದರ ಬೇಡದ ಕೆಲಸಗಳನ್ನೆಲ್ಲ ನಿಲ್ಲಿಸಿದ್ದರಿಂದ ಫ್ಯಾನೂ ಬಾಯಿ ಮುಚ್ಚಿತ್ತು. ಸಿ.ಡಿ.ಗಳಲ್ಲಿದ್ದದ್ದನ್ನು ಚೂರೂ ಕುಗ್ಗಿಸದೆ ತುಂಬಿಸಿದ್ದಳು. ಬೆಂಕಿಪೊಟ್ಟಣದಷ್ಟೇ ಪುಟ್ಟ ಪೆಟ್ಟಿಗೆಯೊಂದು ಲ್ಯಾಪ್‌ಟಾಪಿನಲ್ಲಿ ಅಂಕಿಗಳಾಗಿ ಕೂತಿದ್ದ ಹಾಡನ್ನು ನಾದ ಮಾಡಿ, ಯಜಮಾನರದೇ ದೊಡ್ಡ ಸ್ಪೀಕರುಗಳಿಗೆ ಕಳಿಸುತ್ತಿತ್ತು. ಇದೊಂದೂ ಗಡಿಯಾರದವರಿಗೆ ಗೊತ್ತಿರಲಿಲ್ಲ. ಕೇಳಿದ್ದರೆ ತಾನೇ ಹೇಳುವುದು!

ಮೊದಲ ಸಲ ಹಾಡು ಬಂತು. "ಆಹಾ! ಇದು ಪ್ಲೇಯರ್. ತಂತಿ ಮೀಟಿದ ಬೆರಳು ಕಾಣ್ತಾ ಇದೆ," ಎಂದರು.

ಹೆಂಡತಿ ವೈರುಗಳನ್ನು ಬೇಕೆಂದೇ ಗಲಗಲ ಅಲ್ಲಾಡಿಸಿ, ಯಾವುದನ್ನೂ ಬದಲಿಸದೆ, ಅದೇ ಲ್ಯಾಪ್‌ಟಾಪಿನಲ್ಲಿ ಅದೇ ಹಾಡನ್ನು ಮತ್ತೆ ಹಾಕಿದಳು. ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದ ಯಜಮಾನರು ಧಡಕ್ಕನೆ ತಲೆಯೆತ್ತಿದರು.

"ಸಿಕ್ಕಿಬಿತ್ತು! ಹಾಡಿನ ಹಿಂದೆ ಟಿಕ್ ಟಿಕ್ ಅಂತಿದೆ. ನಿನ್ನ ಡಬ್ಬಾದ ಡಿಸ್ಕ್ ಅದು. ಯಾರ ಹತ್ರ ಆಟ?"

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ರಿಪೇರಿಯಾದ ಗಡಿಯಾರವನ್ನು ಗಿರಾಕಿಗೆ ಕೊಡುವ ಮುನ್ನ ಎರಡು ದಿನ ತಾವೇ ಕಟ್ಟಿಕೊಂಡು ನೋಡುವುದು ಅವರ ಪದ್ಧತಿ. ಗಲ್ಲಕ್ಕೆ ಕೊಟ್ಟಿದ್ದ ಆ ಎಡಗೈಯಲ್ಲಿ ಮೂರು ಗಡಿಯಾರಗಳಿದ್ದವು.

"ಸ್ವಲ್ಪ ಕೈ ಕೆಳಗಿಡಿ."

ಇಟ್ಟರು. ಟಿಕ್ ಟಿಕ್ ನಿಂತಿತು. ಮತ್ತೆ ಕಿವಿಯ ಹತ್ತಿರ ತಂದರು. ಬಂತು. ತಿರುಗಿ ನೋಡಿದರೆ ಪ್ಲೇಯರಿನ ದೀಪವೇ ಹತ್ತಿರಲಿಲ್ಲ. ಮುಖ ಇಂಗು ತಿಂದ ಮಂಗನ ಹಾಗಾಯಿತು.

ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. "ಮೊದಲನೇದು ಚೆನ್ನಾಗಿತ್ತು ಅಂದೆನಲ್ಲ, ಆ ಮಾತಿಗೆ ನಾನು ಬದ್ಧ," ಎಂದು, ಅಂದೇ ಸಂಜೆ ಪ್ಲೇಯರನ್ನು ಹೊತ್ತುಕೊಂಡು ಹೋಗಿ ಅಂಗಡಿಗೆ ಕೊಟ್ಟುಬಂದರು. ಮೂಲೆ ಉಳಿಯಿತೆಂದು ಹೆಂಡತಿಗೆ ಹಿಡಿಸಲಾರದಷ್ಟು ಖುಷಿಯಾಯಿತು.

ಆ ಖುಷಿ ಮಾರನೆಯ ದಿನದವರೆಗೆ ಮಾತ್ರ. ಅವಳು ಅಂಟು ಕಲಸಿಕೊಂಡು ಬರುವಷ್ಟರಲ್ಲಿ ಯಜಮಾನರು ಅವಳದೇ ಕುರ್ಚಿಯಲ್ಲಿ, ಅವಳದೇ ಮೇಜಿಗೆ ಮೊಣಕೈ ಊರಿ, ಲ್ಯಾಪ್‌ಟಾಪಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದರು.

"ಸದ್ದು ಮಾಡ್ಬೇಡ. ಮುಂದಿಂದು ಹಾಕು," ಎಂದರು.

ಅವಳು ಅಂಟಿನ ಬಟ್ಟಲು ಹಿಡಿದು ನಿಂತೇ ಇದ್ದಳು. ಪ್ಲೇಯರನ್ನಾದರೆ ವಾಪಸು ಕೊಡಬಹುದಿತ್ತು. ಗಂಡನನ್ನು ಯಾವ ಅಂಗಡಿಯವರು ತಗೊಳ್ಳುತ್ತಾರೆ?