ತೊಮೆಯ ಹೊಲದ ಕಂದಕ

ಅಮೆರಿಕದವರು ಕಡಲಿನಿಂದ ಬಂದಿಳಿಯುತ್ತಾರೆಂದು ಎರಡನೇ ಮಹಾಯುದ್ಧದ ಕೊನೆಯ ವಸಂತದಲ್ಲಿ ಮಿಯಾಜಾಕಿ ಕರಾವಳಿಗೆ ಹೊಸದೊಂದು ಸೇನಾ ವಿಭಾಗ ಬಂತು. ಬಂದೂಕುಗಳು ಸಾಲದೆ ಸೈನಿಕರ ಕೈಗೆ ಸಲಿಕೆ ಕೊಟ್ಟು, ವಿಧವೆ ತೊಮೆಯ ಗೆಣಸಿನ ಹೊಲದುದ್ದಕ್ಕೂ ಆಳೆತ್ತರದ ಕಂದಕ ತೋಡಿಸಿದರು. ಆಗಸ್ಟಿನಲ್ಲಿ ದೇಶ ಸೋತಿತು. ಒಂದು ಗುಂಡೂ ಹಾರಿಸದೆ ವಿಭಾಗ ವಿಸರ್ಜನೆಯಾಯಿತು. ಸಲಿಕೆ ಹೊತ್ತು ದಂಡು ತಮ್ಮ ತಮ್ಮ ಊರಿಗೆ ಹೊರಟಾಗ ತೊಮೆ ದಾರಿಗೆ ಅಡ್ಡ ನಿಂತಳು.

"ಮುಚ್ಚಿ ಹೋಗ್ರೋ! ಚಳಿಗೆ ಮುಂಚೆ ಬಾರ್ಲಿ ಬಿತ್ಬೇಕು. ನಂಗಿರೋದು ಇದೊಂದೇ ಹೊಲ."

ಕಂದಕ ತೋಡಿಸಿದ್ದ ಕ್ಯಾಪ್ಟನ್ ಹಿದಾಕ ಮುಖ ತಿರುಗಿಸಿದ. "ಅಜ್ಜೀ, ವಿಭಾಗವೇ ಇಲ್ಲ ಈಗ. ಅಪ್ಪಣೆ ಕೊಡೋಕೆ ನಾನ್ಯಾರು?"

"ವಿಭಾಗ ಇಲ್ವಾ? ಗುಂಡಿ ಇದ್ಯಲ್ಲೋ! ತೋಡ್ಸುವಾಗ ಬಾಯ್ತುಂಬಾ ಅಪ್ಪಣೆ, ಮುಚ್ಚುವಾಗ ಮೂಗನಾದ್ಯಾ?"

ತೊಮೆ ದಂಡಿನತ್ತ ತಿರುಗಿದಳು. ಹೊಲದ ದೇವರನ್ನು ಮನಸ್ಸಿನಲ್ಲೇ ನೆನೆದು, ದಿನವೂ ಕೇಳಿದ್ದ ಹಿದಾಕನದೇ ವರಸೆಯಲ್ಲಿ ಕೂಗಿದಳು: "ಸಾಲಾಗಿ ನಿಲ್ಲಿ! ಸಲಿಕೆ ಎತ್ತಿ!"

ಸೈನಿಕರ ರೂಢಿಬಿದ್ದ ಕಾಲುಗಳು ತಾವಾಗಿಯೇ ಜೋಡಿಯಾದವು. ಒಬ್ಬ ನಾಚುತ್ತಲೇ ಮಣ್ಣಿನ ರಾಶಿಗೆ ಸಲಿಕೆ ಹಾಕಿದ. ಹಿಂದೆಯೇ ಉಳಿದವರೂ ಹಾಕಿದರು. ಹಿದಾಕ ಮಾತ್ರ ನಿಂತೇ ಇದ್ದ. ತೊಮೆ ಮಣ್ಣಿನ ಬುಟ್ಟಿಯನ್ನು ಅವನ ಎದೆಗೆ ತಳ್ಳಿದಳು.

"ನಿಂಗೆ ಬೇರೆ ಹೇಳ್ಬೇಕೇನೋ, ಸಾಹೇಬ?"