ಹನ್ನೊಂದು ಕಿವಿ ಮಿಷನ್‌ಗಳು

ಅಕ್ಕ ತೀರಿಕೊಂಡು ಮೂರು ವಾರವಾಗಿತ್ತು. ನಾನಿನ್ನೂ ಅತ್ತಿರಲಿಲ್ಲ. ಅಳು ಬರಲಿಲ್ಲ, ಹಸಿವೂ ಆಗಲಿಲ್ಲ, ಮೂಗಿನ ತುದಿಯಲ್ಲೇ ಇರುತ್ತಿದ್ದ ನನ್ನ ಕೋಪ ಕೂಡ ಎಲ್ಲೋ ಹೋಗಿಬಿಟ್ಟಿತ್ತು. ಭಾವ ಅಂಗಡಿಗೆ ಬಾ ಎಂದರು, ಹೋದೆ.

ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುತ್ತಿದ್ದ ಕಿವಿ ಮಿಷನ್ ರಿಪೇರಿ ಅಂಗಡಿ ಅದು. ಮಿಷನ್ ಬಿಟ್ಟುಹೋದವರಿಗೆ ಫೋನ್ ಮಾಡಿ ಏನು ಪ್ರಯೋಜನ, ಕೇಳಿಸಬೇಕಲ್ಲ? ಅದಕ್ಕೇ ಅಕ್ಕ ವೆಬ್‌ಸೈಟಿನಲ್ಲಿ ಒಂದು ಪುಟ ಇಟ್ಟಿದ್ದಳು. ತಮ್ಮ ಚೀಟಿಯ ನಂಬರಿನ ಮುಂದೆ 'ರೆಡಿ' ಎಂದು ಕಂಡರೆ ಗಿರಾಕಿಗಳು ಬರುತ್ತಿದ್ದರು.

"ಎರಡು ತಿಂಗಳಿಂದ ಒಬ್ಬರೂ ಬಂದಿಲ್ಲ ಕಣಮ್ಮ," ಅಂದರು ಭಾವ. "ನಂಗೂ ಕೆಲಸ ಬರುತ್ತೆ. ಆದ್ರೆ ಜನ ನಂಬಿದ್ದು ಅವಳನ್ನ. ಶುಕ್ರವಾರ ಅಂಗಡಿ ಮುಚ್ಚಿಬಿಡ್ತೀನಿ. ಪುಟದಲ್ಲಿ ಹಾಗಂತ ಹಾಕ್ಬಿಡು."

"ಅಕ್ಕನ ಅಂಗಡಿ ಭಾವ ಇದು."

"ಅವಳೇ ಇಲ್ವಲ್ಲ."

ಸರಿ ಎಂದು ಕಂಪ್ಯೂಟರ್ ಮುಂದೆ ಕೂತೆ. ಸೈಟು ಇದ್ದದ್ದು ಒಂದು ಎಡ್ಜ್ ಹೋಸ್ಟಿಂಗ್ ಕಂಪನಿಯಲ್ಲಿ. ಪುಟದ ಪ್ರತಿಗಳನ್ನು ನೂರಾರು ಊರುಗಳಲ್ಲಿಟ್ಟು, ನೋಡುವವರಿಗೆ ಹತ್ತಿರವಿರುವ ಕಡೆಯಿಂದ ಕೊಡುತ್ತಾರೆ. ಅಕ್ಕ ನೇರವಾಗಿ ಅಲ್ಲಿಗೇ ನುಗ್ಗಿ ತಿದ್ದುತ್ತಿದ್ದಳು. ಒಮ್ಮೆ ಒಂದು ಆವರಣ ಚಿಹ್ನೆ ಅಳಿಸಿ ಇಡೀ ಪುಟ ಮಾಯವಾಗಿತ್ತು. "ಕೈ ಹಾಕ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ ಅಕ್ಕಾ?" ಎಂದು ರೇಗಿ, ತಿದ್ದಿದ್ದನ್ನು ಜೋಪಾನವಾಗಿ ಪುಟಕ್ಕೆ ಸೇರಿಸುವ ಒಂದು ಡಿಪ್ಲಾಯ್ ಸೈಟಿನಲ್ಲಿ ಅವಳಿಗೆ ಖಾತೆ ತೆರೆದುಕೊಟ್ಟೆ. ಇಲ್ಲಿ ಬರೆದು ಸೇವ್ ಮಾಡು, ಯಾಕೆ ಬದಲಾಯಿಸಿದೆ ಅಂತ ಒಂದು ಸಾಲು ಟಿಪ್ಪಣಿ ಹಾಕು, ಹೋಸ್ಟಿಂಗಿಗೆ ಅದೇ ಕಳಿಸುತ್ತದೆ ಎಂದೆ. ಆ ಸೈಟನ್ನೂ ಹೋಸ್ಟಿಂಗನ್ನೂ ಜೋಡಿಸುವುದೊಂದು ಬಾಕಿ ಇತ್ತು; ಅಲ್ಲಿಯವರೆಗೆ ಅವಳು ಬರೆದದ್ದು ಪುಟದಲ್ಲಿ ಕಾಣುವುದಿಲ್ಲ. ಹತ್ತು ನಿಮಿಷದ ಕೆಲಸ. ಭಾನುವಾರ ಮಾಡ್ತೀನಿ ಎಂದಿದ್ದೆ. ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದಳು. ಎಂಟು ಭಾನುವಾರ ಕಳೆದವು. ಅವಳೆಲ್ಲಿ ನನ್ನ ಮಾತು ಕೇಳುತ್ತಾಳೆ, ಮೊದಲಿನ ಹಾಗೇ ನೇರವಾಗಿ ತಿದ್ದುತ್ತಿರುತ್ತಾಳೆ ಅಂತ ನಾನೂ ಸುಮ್ಮನಿದ್ದೆ.

ಈಗ ಜೋಡಿಸಲು ಹೊರಟರೆ ಹೋಸ್ಟಿಂಗ್‌ನವರು ಅಕ್ಕನ ಫೋನಿಗೆ ಒಂದು ಕೋಡ್ ಕಳಿಸಿದರು. ಭಾವ ಅಂಗಿಯ ಜೇಬಿನಿಂದ ಅವಳ ಫೋನ್ ತೆಗೆದರು. ದಿನಾ ಚಾರ್ಜ್ ಮಾಡಿ ಇಟ್ಟುಕೊಂಡಿದ್ದರು.

"ನಾಲ್ಕು. ಸೊನ್ನೆ. ಸೊನ್ನೆ. ಏಳು..." ನಿಧಾನವಾಗಿ ಓದಿದರು.

ಹೋಸ್ಟಿಂಗ್‌ನವರು ಕೊಟ್ಟ ಅಕ್ಷರ-ಅಂಕಿಗಳ ಉದ್ದದ ಕೀ ತಂದು ಡಿಪ್ಲಾಯ್ ಸೈಟಿನಲ್ಲಿ ಅಂಟಿಸಿದೆ. ಹಸಿರು ಗುರುತು ಬಂತು. ಅದರ ಕೆಳಗೆ ಒಂದು ಸಾಲು: ಪ್ರಕಟವಾಗದೆ ಉಳಿದಿರುವ ಬದಲಾವಣೆಗಳು, ಹನ್ನೊಂದು.

ಹನ್ನೊಂದೂ ಅಕ್ಕನವು. ತೊಡೆಯ ಮೇಲೆ ಊಟದ ತಟ್ಟೆಯಲ್ಲಿ ಸಾಮಾನು ಹರಡಿಕೊಂಡು ಹಾಸಿಗೆಯಲ್ಲೇ ಕೆಲಸ ಮಾಡುತ್ತಿದ್ದ ದಿನಗಳವು. 212 ರೆಡಿ. 215 ರೆಡಿ. ನಾನು ಹೇಳಿಕೊಟ್ಟಂತೆ ಪ್ರತಿಯೊಂದಕ್ಕೂ ಟಿಪ್ಪಣಿ. ಕೊನೆಯದು ಅವಳು ಹೋಗುವ ಐದು ದಿನ ಮುಂಚಿನದು: "231 ರೆಡಿ. ಅಲ್ಲಿ ಕೈ ಹಾಕಿಲ್ಲ ಕಣೇ ಸಿಡುಕಿ, ನೀ ಹೇಳಿದ ಹಾಗೇ ಮಾಡಿದೀನಿ. ಸರೀನಾ?"

ಭಾವನ ಕಡೆ ಕುರ್ಚಿ ತಿರುಗಿಸಿದೆ.

"ಭಾವ, ಅಕ್ಕ ಕೊನೇಲಿ ಮಿಷನ್ ಏನಾದ್ರೂ ಕೊಟ್ಟಿದ್ಲಾ?"

ಅವರು ಡ್ರಾಯರಿನಿಂದ ಬಿಸ್ಕತ್ ಡಬ್ಬ ತೆಗೆದರು. ಒಳಗೆ ನಂಬರ್ ಬರೆದ ಹನ್ನೊಂದು ಪೊಟ್ಟಣ. "ರಿಪೇರಿ ಆಗ್ದೆ ಉಳಿದವು ಅಂದ್ಕೊಂಡೆ. ಬಿಚ್ಚಿ ನೋಡೋಕೆ ಮನಸ್ಸಾಗ್ಲಿಲ್ಲ."

"ಎಲ್ಲ ರೆಡಿ ಇವೆ. ಜನ ಬಿಟ್ಟು ಹೋಗಿಲ್ಲ ಭಾವ, ಅವರಿಗೆ ಗೊತ್ತೇ ಆಗಿಲ್ಲ. ನಾನು ಜೋಡಿಸಿರ್ಲಿಲ್ಲ."

ಭಾವ ಒಂದೊಂದೇ ಪೊಟ್ಟಣ ತೆಗೆದು ನಂಬರ್ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ನಾನು ಪ್ರಕಟಿಸುವ ಗುಂಡಿ ಒತ್ತಿದೆ. ಅಂಗಡಿ ಮುಚ್ಚುವ ಸಾಲು ಬರೆಯಲಿಲ್ಲ, ಅವರೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ವಯಸ್ಸಾದ ಬಡಗಿಯೊಬ್ಬರು 231ರ ಚೀಟಿ ಹಿಡಿದು ಬಂದರು. ಮಾತಾಡಿದರೆ ಕಿವಿಯ ಹಿಂದೆ ಕೈ ಇಡುತ್ತಿದ್ದರು. ಭಾವ ಮಿಷನ್ ಹಾಕಿ, ಸಣ್ಣ ಗುಂಡಿ ತಿರುಗಿಸಿ ಸರಿಮಾಡಿದರು.

"ಮತ್ತೆ ಸಡಿಲ ಆದ್ರೆ ತಗೊಂಡು ಬನ್ನಿ. ಇನ್ಮೇಲೆ ನಾನೇ ನೋಡ್ತೀನಿ."

"ಯಾಕೆ, ಅಮ್ಮ ಎಲ್ಲಿ? ಇಷ್ಟು ದಿನ ತಡ ಮಾಡೋರಲ್ಲ ಅವರು."

ಭಾವ ತಲೆ ತಗ್ಗಿಸಿ ಡಬ್ಬದ ಮುಚ್ಚಳ ಹಾಕತೊಡಗಿದರು. ಹೇಳಬೇಕಾದವಳು ನಾನೇ ಎಂದು ಗೊತ್ತಿತ್ತು.

"ಅಕ್ಕ ತಡ ಮಾಡ್ಲಿಲ್ಲ. ಅವಳು ಯಾವತ್ತೋ ರೆಡಿ ಮಾಡಿಟ್ಟಿದ್ಲು. ತಡ ಮಾಡಿದ್ದು ನಾನು. ಅಕ್ಕ ಹೋಗ್ಬಿಟ್ಲು."

ಇಷ್ಟು ದಿನದಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನ್ನ ದನಿ ಅಂಗಡಿ ತುಂಬ ಕೇಳಿಸಿತು.

ಬಡಗಿ ಅಭ್ಯಾಸಬಲದಿಂದ ಇನ್ನೂ ಕಿವಿಯ ಹಿಂದೆ ಇಟ್ಟುಕೊಂಡಿದ್ದ ಕೈ ತೆಗೆದರು.

"ಕೂಗಬೇಡಮ್ಮ," ಎಂದರು ಮೆಲ್ಲಗೆ. "ಚೆನ್ನಾಗಿ ಕೇಳಿಸ್ತಿದೆ."